ಫ್ರೇಮಿಗೆ ಅಡ್ಡ ಬಂದವನು

ಹಳೇ ಮಾರುಕಟ್ಟೆಯ ಬೀದಿಯಲ್ಲಿ, ಕೆಂಪು ಕೋಟು ತೊಟ್ಟ ಸಿಂಚನಾಳ ಚಿತ್ರ ತೆಗೆಯುತ್ತಿದ್ದ ಫೋಟೋಗ್ರಾಫರ್ ಮುಖ ಸಿಂಡರಿಸಿದ.

"ಥೂ! ಹಿಂದೆ ಫುಟ್‌ಪಾತ್ ಮೇಲೆ ಯಾವನೋ ಮುದುಕ ಬಿದ್ದಿದಾನೆ. ಫ್ರೇಮೆಲ್ಲ ಹಾಳು."

ಅವಳು ತಿರುಗಿ ನೋಡಿದಳು. ಮುದುಕನ ಬಾಯಿಂದ ನೊರೆ ಬರುತ್ತಿತ್ತು.

"ಸರ್, ಅವರಿಗೇನೋ ಆಗಿದೆ. ಅಲ್ಲಾಡ್ತಾನೇ ಇಲ್ಲ."

"ಒಳ್ಳೇದೇ ಆಯ್ತು. ಅಲ್ಲಾಡದಿದ್ರೆ ಆಮೇಲೆ ಅಳಿಸೋದು ಸುಲಭ. ನೀನು ಈ ಕಡೆ ನೋಡಿ ನಗು."

ಅವನ ಮಾತು ಕೇಳಿ ಸಿಂಚನಾಳಿಗೆ ಹೇಸಿಗೆಯಾಯಿತು. ಓಡಿಹೋಗಿ ಕೊಳಕು ನೆಲದಲ್ಲೇ ಮಂಡಿಯೂರಿ, ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಯಾರಾದ್ರೂ ಆಂಬುಲೆನ್ಸ್ ಕರೀರಿ!" ಎಂದು ಕೂಗಿದಳು.

ಫೋಟೋಗ್ರಾಫರ್ ಅವಳ ಹಿಂದೆಯೇ ಓಡಿಬಂದ. ಸದ್ಯ, ಇವನಿಗೂ ಕರುಳು ಚುರ್ ಎಂದಿತಲ್ಲ ಅಂದುಕೊಂಡಳು.

"ಅದ್ಭುತ, ಹಾಗೇ ಇರು!" ಎನ್ನುತ್ತ ಅವನು ಕ್ಯಾಮೆರಾ ಕಣ್ಣಿಗಿಟ್ಟುಕೊಂಡ. "ಅವನ ಮುಖ ಸ್ವಲ್ಪ ಬೆಳಕಿನ ಕಡೆ ತಿರುಗಿಸು."