ಅರ್ಧ ಸೀಟು

ಸೀಟಿನ ನಟ್ಟನಡುವೆ ಟೇಪು ಅಂಟಿಸುವಾಗಲೇ ದೊಡ್ಡಳಿಯನಿಗೆ ಖಾತ್ರಿಯಾಗಿತ್ತು, ಈ ಹೆಂಗಸು ಬಲೆಗೆ ಬಿದ್ದಳು.

ಉಪಾಯ ಸರಳ. ಕಾರಿನ ಒಂದು ಸೀಟನ್ನು ಅರ್ಧ ಮಾತ್ರ ಪುಕ್ಕಟೆ ತೊಳೆದುಕೊಡುವುದು. ಆ ಅರ್ಧ ಬೆಳ್ಳಗಾದರೆ ಉಳಿದರ್ಧ ತಾನಾಗಿ ಕರ್ರಗೆ ಕಾಣುತ್ತದೆ. ವರ್ಷಗಟ್ಟಲೆ ತಮ್ಮ ಕೊಳೆಯ ಮೇಲೆ ಸುಖವಾಗಿ ಕೂತಿದ್ದವರಿಗೆ ಆಮೇಲೆ ಕೂರಲಾಗುವುದಿಲ್ಲ. ಇಡೀ ಕಾರು ಮಾಡಿಕೊಡಿ ಅನ್ನುತ್ತಾರೆ. ಅರ್ಧಕ್ಕೇ ಎದ್ದುಹೋದ ಗಿರಾಕಿಯನ್ನು ಅವನು ಈವರೆಗೆ ಕಂಡಿರಲಿಲ್ಲ. ಬೀದಿಯ ಎದುರು ಸಾಲಿನಲ್ಲಿ ಇಂಥದೇ ಕಾರು ತೊಳೆಯುವ ಅಂಗಡಿ ಇಟ್ಟಿದ್ದ ಷಡ್ಡಕನದೂ ಇದೇ ಉಪಾಯ. ಕದ್ದವರು ಯಾರು ಅನ್ನುವುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಇನ್ನೊಬ್ಬನೇ.

ಬೀದಿಯ ಮೂಲೆಯಲ್ಲಿ ಮಾವನದೊಂದು ದೊಡ್ಡ ಮಳಿಗೆಯಿತ್ತು. ಎರಡು ರಸ್ತೆಗೆ ಬಾಗಿಲು, ಮೂರು ಕಾರಿಗೆ ನೆರಳು. ಈ ತಿಂಗಳು ಯಾರು ಹೆಚ್ಚು ಕಾರು ತೊಳೆಯುತ್ತಾರೋ ಆ ಅಳಿಯನಿಗೆ ಅದನ್ನು ಬಿಟ್ಟುಕೊಡುತ್ತೇನೆಂದು ಮಾವ ಹೇಳಿದ್ದ. ಮಾವನ ಆಸ್ತಿಯೆಂದರೆ ಇಬ್ಬರಿಗೂ ಅಪಾರ ಆಸ್ಥೆ. ಇವನ ಗಿರಾಕಿಯನ್ನು ಅವನು, ಅವನ ಗಿರಾಕಿಯನ್ನು ಇವನು ರಸ್ತೆಗಿಳಿದು ಕೈಹಿಡಿದು ಎಳೆಯುವುದು ಶುರುವಾಯಿತು. ಈಚೆಗೆ ಮಾವ ಎರಡೂ ಅಂಗಡಿಗೆ ಬರುವುದನ್ನೇ ನಿಲ್ಲಿಸಿದ್ದ. ಪಕ್ಷಪಾತ ಬೇಡವೆಂದು ದೂರವಿದ್ದಾನೆ ಎಂದು ಅಳಿಯಂದಿರು ಮೆಚ್ಚಿಕೊಂಡರು.

ಇವತ್ತು ತಿಂಗಳ ಕೊನೆಯ ದಿನ. ಇಬ್ಬರೂ ಸರಿಸಮ. ಬೆಳಗಿನಿಂದ ಇಬ್ಬರಿಗೂ ನೊಣ ಹೊಡೆಯುವ ಕೆಲಸ. ನಾಲ್ಕು ಗಂಟೆಗೆ ಈ ಹೆಂಗಸು ಬಂದಳು.

ವಯಸ್ಸು ಐವತ್ತರ ಆಸುಪಾಸು. ದಪ್ಪ ಕನ್ನಡಕ, ಕಾರಿಗಿಂತ ಹಳೆಯ ಕೈಚೀಲ. ಕಾರಿನೊಳಗೆ ಬಿಸ್ಕತ್ತಿನ ಪುಡಿ, ನಾಯಿಯ ಕೂದಲು, ಕಾಫಿಯ ಕಲೆ. ಒಂದು ವಂಶದ ಚರಿತ್ರೆಯೇ ಕಾರ್ಪೆಟ್ಟಿನ ಮೇಲೆ ಹರಡಿತ್ತು. ದೊಡ್ಡಳಿಯ ಮನಸ್ಸಿನಲ್ಲೇ ಮೂಗು ಮುಚ್ಚಿಕೊಂಡ.

ಪಾಲಿಶ್ ಮೆಷಿನ್ನಿನ ಸ್ಪಂಜು ತೆಗೆದು ಮೆತ್ತನೆಯ ಬ್ರಷ್ ಸಿಕ್ಕಿಸಿದಾಗ ಹೆಂಗಸು ಬೆರಗಾದಳು. ಇದು ಬಾನೆಟ್ಟಿಗೆ ಹೊಳಪು ಕೊಡುವುದಲ್ಲವೇ, ಸೀಟಿಗೂ ಆಗುತ್ತದೆಯೇ ಎಂದು ಕೇಳಿದಳು. ಅಲ್ಲಿಂದ ಮುಂದೆ ಅವಳ ಬಾಯಿ ಮೆಷಿನ್ನಿಗಿಂತ ಜೋರಾಗಿ ತಿರುಗಿತು. ವೇಗ ಎಷ್ಟಿರಬೇಕು? ನೀರಿನ ಬದಲು ನೊರೆ ಯಾಕೆ? ಒತ್ತಿದರೆ ಏನಾಗುತ್ತದೆ? ಅವನು ಅಂಗನವಾಡಿ ಮಕ್ಕಳಿಗೆ ಹೇಳುವಂತೆ ಹೇಳಿದ. ವೇಗ ಹೆಚ್ಚಾದರೆ ಕಾರ್ಪೆಟ್ಟಿನ ಎಳೆ ಸುಟ್ಟು ಗಂಟಾಗುತ್ತದೆ. ನೀರು ಸುರಿದರೆ ಸೀಟಿನೊಳಗಿನ ಸ್ಪಂಜು ವಾರವಾದರೂ ಒಣಗದೆ ನಾರುತ್ತದೆ. ಒತ್ತಬಾರದು, ಮೆಷಿನ್ನಿನ ಭಾರವೇ ಸಾಕು.

"ನಾನೊಂದ್ಸಲ ಹಿಡ್ಕೊಳ್ಳಲಾ?"

"ಹಿಡ್ಕೊಳ್ಳಿ ಅಮ್ಮಾ. ಆದ್ರೆ ಇದು ಮನೆ ಮಿಕ್ಸಿ ಅಲ್ಲ, ನಿಮ್ಮನ್ನೇ ಎಳ್ಕೊಂಡು ಹೋಗುತ್ತೆ."

ಎಳೆದುಕೊಂಡು ಹೋಗಲಿಲ್ಲ. ಅವಳು ಎರಡು ಸಲ ಅಡ್ಡಕ್ಕೆ, ಎರಡು ಸಲ ಉದ್ದಕ್ಕೆ ಓಡಿಸಿ ಹಿಂದಿರುಗಿಸಿದಳು. ಮೆಷಿನ್ ಮುಟ್ಟಿದ ಗಿರಾಕಿ ದುಡ್ಡಿನ ಗಂಟಿಗೆ ಕೈಹಾಕದೆ ಇರುವುದಿಲ್ಲವೆಂದು ದೊಡ್ಡಳಿಯ ಒಳಗೊಳಗೇ ನಕ್ಕ. ನೊರೆ ಒರೆಸಿ ಸರ್ರನೆ ಟೇಪು ಕಿತ್ತ. ಈ ಕಡೆ ಹಾಲು, ಆ ಕಡೆ ಡಾಂಬರು.

ಹೆಂಗಸು ಬಗ್ಗಿ ನೋಡಿದಳು. ಮುಟ್ಟಿದಳು. ಮೂಸಿದಳು.

"ಚೆನ್ನಾಗಿದೆ. ಇವತ್ತಿಗೆ ಸಾಕು," ಎಂದು ಕಾರು ಹತ್ತಿ ಹೊರಟೇಹೋದಳು.

ಟೇಪಿನ ಉಂಡೆ ದೊಡ್ಡಳಿಯನ ಕೈಯಲ್ಲೇ ಉಳಿಯಿತು. ಮಾನ ಮರ್ಯಾದೆ ಇರುವವರು ಅರ್ಧ ಸೀಟು ಇಟ್ಟುಕೊಂಡು ಬದುಕುವುದು ಸಾಧ್ಯವೇ? ಸಿಗ್ನಲ್ ದಾಟುವ ಮೊದಲೇ ತಿರುಗಿ ಬರುತ್ತಾಳೆ ಎಂದು ಸಿಗ್ನಲ್ಲಿನ ಕಡೆಗೇ ಕಣ್ಣು ನೆಟ್ಟು ಬಾಗಿಲಲ್ಲೇ ನಿಂತ. ಐದೂವರೆಗೆ ಕಣ್ಣು ಎದುರು ಸಾಲಿಗೆ ಬಿತ್ತು. ಅದೇ ಕಾರು, ಷಡ್ಡಕನ ಅಂಗಡಿಯ ಮುಂದೆ.

ಎರಡೇ ಹೆಜ್ಜೆಗೆ ರಸ್ತೆ ದಾಟಿದ. ಚಿಕ್ಕಳಿಯ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದ.

"ನನ್ನ ಗಿರಾಕಿಗೇ ಬಾಯಿ ಹಾಕಿದ್ಯಲ್ಲ, ನಾಚಿಕೆ ಆಗಲ್ವೇನಯ್ಯಾ?"

"ಯಾರ್ ಗಿರಾಕಿ ಭಾವ? ಅರ್ಧಕ್ಕೆ ಬಿಟ್ಟು ಕಳ್ಸಿದ್ರಿ. ಉಳಿದರ್ಧ ನಾನು ಮಾಡ್ದೆ. ಯಾರದು ಚೆನ್ನಾಗಿದೆ ಅಂತ ಅವ್ರೇ ಹೇಳ್ಲಿ."

"ಪುಕ್ಕಟೆ ಮಾಡಿದ್ಯಾ?"

ಚಿಕ್ಕಳಿಯ ಬಕೆಟ್ಟಿನ ಹಿಡಿ ನೋಡತೊಡಗಿದ. ಕಲೆಗೆ ಯಾವ ದ್ರಾವಣ, ಒಣಗಿಸುವುದು ಹೇಗೆ ಎಂದೆಲ್ಲ ಕೇಳುತ್ತಾ ಆಕೆ ಅವನ ಕೈಯಿಂದ ಮೆಷಿನ್ನನ್ನೂ ಇಸಿದುಕೊಂಡಿದ್ದನ್ನು ಆಮೇಲೆ ಒಪ್ಪಿಕೊಂಡ. ಕಾರಿನೊಳಗಿಂದ ಗುಂಯ್ ಸದ್ದು ಬರುತ್ತಿತ್ತು. ಹಿಂದಿನ ಕಾರ್ಪೆಟ್ಟಿನ ಮೇಲೆ ಹೆಂಗಸು ಮೆಷಿನ್ ಓಡಿಸುತ್ತಿದ್ದಳು. ಒತ್ತದೆ, ಗೆರೆ ಎಳೆದಂತೆ.

ದೊಡ್ಡಳಿಯ ಬಾಗಿಲು ತೆರೆದು, ಇದ್ದಬದ್ದ ವಿನಯವನ್ನೆಲ್ಲ ಮುಖಕ್ಕೆ ತಂದುಕೊಂಡ. "ಹೇಳಿ ಅಮ್ಮಾ, ಉಳಿದ ಕಾರು ಯಾರ್ ಮಾಡ್ಬೇಕು?"

ಹೆಂಗಸು ಮೆಷಿನ್ ನಿಲ್ಲಿಸಿ ಕನ್ನಡಕ ಒರೆಸಿಕೊಂಡಳು.

"ನಾನೇ ಮಾಡ್ಕೋತೀನಪ್ಪ. ಮೂಲೆ ಮಳಿಗೆ ನನಗೆ ಕೊಟ್ಟು ಹತ್ತು ದಿನ ಆಯ್ತು. ಕೆಲಸ ಎಲ್ಲಿ ಕಲೀಲಿ ಅಂದ್ರೆ, ಅರ್ಧ ಅವನ ಹತ್ರ, ಅರ್ಧ ಇವನ ಹತ್ರ ಕಲಿ, ಇಬ್ರೂ ದುಡ್ಡು ಕೇಳಲ್ಲ ಅಂತ ನಿಮ್ಮ ಮಾವನೇ ಕಳ್ಸಿದ್ರು."