ಹೊಸ ಬಾಗಿಲಿನ ಬೀಗ

"ಮುಂಬಾಗಿಲಿಗೆ ಲಾಕ್ ಕೂರಿಸೋಕೆ ಯಾರಿಗೆ ಬರುತ್ತೆ?" ಎಂದು ಮೇಸ್ತ್ರಿ ನಾರ್ಬ್ ಕೇಳಿದಾಗ ಕರ್ಟಿಸ್ ತಲೆ ತಗ್ಗಿಸಿ ಬಣ್ಣ ಕಲಕುತ್ತ ನಿಂತ. ಆದರೆ ಅವನ ಬಾಸ್ ಗೇಲ್ ಸುಮ್ಮನಿರುವವಳಲ್ಲ. "ನಮ್ಮ ಕರ್ಟಿಸ್ ಇದಾನಲ್ಲ. ಆಫೀಸಿನ ಸ್ಟೋರ್ ರೂಮ್ ಲಾಕ್ ಕೈಕೊಟ್ಟಾಗ ನಾವು ಕಾಫಿ ಕುಡಿದು ಮುಗಿಸೋದ್ರೊಳಗೆ ಹೊಸದು ಹಾಕಿಬಿಟ್ಟಿದ್ದ" ಎಂದಳು.

"ಹಾಗಾದ್ರೆ ನೀನೇ ಹೋಗಪ್ಪ. ಲಟ್ರೀಸ್ ಜೊತೆಗಿರ್ತಾಳೆ. ಅವಳ ಮನೆ, ಅವಳ ಬಾಗಿಲು" ಎಂದ ನಾರ್ಬ್. ಬಡವರಿಗೆ ಮನೆ ಕಟ್ಟಿಕೊಡುವ ಈ ಸಂಸ್ಥೆಯ ಕಟ್ಟಳೆಯೇ ಹಾಗೆ. ಮನೆ ಯಾರಿಗೆ ಸಿಗುತ್ತದೋ ಅವರೂ ಕಟ್ಟಲು ಬಂದವರ ಜೊತೆ ಮೈಮುರಿದು ದುಡಿಯಬೇಕು. ಬೆಳಗ್ಗೆಯಿಂದ ಕರ್ಟಿಸ್ ಅವಳ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದ. ಅವಳು ಅಡುಗೆಮನೆಗೆ ಬಂದರೆ ಇವನು ಬಚ್ಚಲಿಗೆ, ಅವಳು ಬಚ್ಚಲಿಗೆ ಬಂದರೆ ಇವನು ಹಿತ್ತಲಿಗೆ. ಈಗ ಸಿಕ್ಕಿಬಿದ್ದ.

ಅವಳನ್ನು ಕಂಡ ಕೂಡಲೇ ಅವನಿಗೆ ಗುರುತು ಸಿಕ್ಕಿತ್ತು. ಹೋದ ಚಳಿಗಾಲದ ಹಿಂದಿನ ಚಳಿಗಾಲ. ಕರ್ಟಿಸ್ ಆಗ ಬಾಡಿಗೆ ಮನೆಗಳ ಕಂಪನಿಯೊಂದರಲ್ಲಿದ್ದ. ಬಾಡಿಗೆ ಕಟ್ಟಲಾಗದವರನ್ನು ಹೊರಹಾಕುವಾಗ ಪೊಲೀಸಿನವನ ಜೊತೆ ಹೋಗಿ ಬಾಗಿಲು ಬಡಿದು ಬೀಗ ಬದಲಾಯಿಸುವುದು ಅವನ ಕೆಲಸ. ಇದೇ ಟೊಲೀಡೊ ಊರಲ್ಲಿ, ನದಿಯಾಚೆಗಿನ ತನ್ನ ಬಾಡಿಗೆ ಮನೆಯ ಮುಂದೆ ಲಟ್ರೀಸ್ ನೈಟಿಯ ಮೇಲೆ ಕೋಟು ಎಳೆದುಕೊಂಡು ಹಿಮದಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅವಳ ಪುಟ್ಟ ಮಗಳು, ಒಲೆಯಿಂದ ಆಗಷ್ಟೇ ಇಳಿಸಿದ ಓಟ್ಸ್ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು. ಅದನ್ನು ಎಲ್ಲಿಡಬೇಕೆಂದು ಆ ಮಗುವಿಗೆ ಗೊತ್ತಾಗಿರಲಿಲ್ಲ.

ಆ ಕೆಲಸ ಬಿಟ್ಟು ಈ ಸಿಂಕು, ನಲ್ಲಿ ಮಾರುವ ಕಂಪನಿ ಸೇರಿದ ಮೇಲೆ ಹಳೆಯದನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಆಫೀಸಿನವರೆಲ್ಲ ಸೇರಿ ಒಂದು ಶನಿವಾರ ಬಡವರಿಗೆ ಮನೆ ಕಟ್ಟೋಣ ಎಂದು ಎಲ್ಲರ ಬೆನ್ನು ಬಿದ್ದವನೂ ಅವನೇ. ಪಾಪ ತೊಳೆದುಕೊಳ್ಳಲು ಬಂದವನ ಎದುರಿಗೆ ಪಾಪವೇ ಸುತ್ತಿಗೆ ಹಿಡಿದು ಬಂದು ನಿಂತಿತ್ತು. ಅವಳಿಗೆ ತನ್ನ ಗುರುತು ಸಿಕ್ಕಿದೆಯೋ ಇಲ್ಲವೋ, ಅದೊಂದು ತಿಳಿದರೆ ಸಾಕಾಗಿತ್ತು. ಆಗ ಗಡ್ಡವಿತ್ತು, ಕಿವಿ ಮುಚ್ಚುವ ಟೋಪಿಯಿತ್ತು. ಇವಳೇನಾದರೂ ಎಲ್ಲರೆದುರು ಹೇಳಿಬಿಟ್ಟರೆ ಸೋಮವಾರ ಆಫೀಸಿನಲ್ಲಿ ಯಾವ ಮುಖ ಹೊತ್ತು ತಿರುಗುವುದು?

ಲಟ್ರೀಸ್ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದಳು. ಕರ್ಟಿಸ್ ಸ್ಕ್ರೂ ತಿರುಗಿಸತೊಡಗಿದ.

"ಪಳಗಿದ ಕೈ. ಎಲ್ಲಿ ಕಲಿತ್ರಿ?" ಎಂದಳು.

"ಹಳೇ ಕೆಲಸದಲ್ಲಿ."

"ಏನು ಕೆಲಸ ಅದು?"

"ಅದೇ... ರಿಪೇರಿ. ಬಾಡಿಗೆ ಮನೆಗಳದ್ದು."

"ಓಹೋ. ಯಾಕೆ ಬಿಟ್ರಿ?"

ಸ್ಕ್ರೂ ಕೈಜಾರಿ ಕೆಳಗೆ ಬಿತ್ತು. ಅವಳೇ ಬಗ್ಗಿ ಹೆಕ್ಕಿ ಅವನ ಅಂಗೈಯಲ್ಲಿಟ್ಟಳು. "ನಿಧಾನವಾಗಿ ಮಾಡಿ, ನಂಗೇನೂ ಅವಸರ ಇಲ್ಲ."

"ಮನಸ್ಸಿಗೆ ಒಗ್ಗಲಿಲ್ಲ" ಎಂದ ಕರ್ಟಿಸ್. ಅದು ನಿಜವೇ. ಆದರೂ ಅವನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಅವಳ ಮುಖ ನೋಡಿದ. ಸಿಟ್ಟೂ ಇಲ್ಲ, ನಗುವೂ ಇಲ್ಲ, ಕಾಯುತ್ತಿರುವವಳ ಹಾಗೆ ನೋಡುತ್ತಿದ್ದಳು. ತಪ್ಪಾಯ್ತು ಎಂದುಬಿಡೋಣ ಎನಿಸಿತು. ಒಳಕೋಣೆಯಲ್ಲಿ ಗೇಲ್ ಯಾರದೋ ಮೂಗಿಗೆ ಬಣ್ಣ ಬಳಿದು ನಗುತ್ತಿದ್ದಳು. ಕರ್ಟಿಸ್ ಕೊನೆಯ ಸ್ಕ್ರೂ ಬಿಗಿದ.

"ಮುಗೀತಾ? ಎಲ್ಲಾ ಬನ್ರೋ, ಕೀಲಿ ಕೊಡೋ ಫೋಟೋ ತೆಗೀಬೇಕು" ಎನ್ನುತ್ತ ಗೇಲ್ ಫೋನ್ ಹಿಡಿದು ದಂಡು ಕಟ್ಟಿಕೊಂಡು ಬಂದಳು.

"ಒಂದ್ನಿಮಿಷ" ಎಂದಳು ಲಟ್ರೀಸ್. "ಮೊದಲು ಲಾಕ್ ಸರಿಯಾಗಿ ಕೂತಿದ್ಯಾ ನೋಡ್ಬೇಕಲ್ಲ. ನೀವೆಲ್ಲ ಹೊರಗೆ ನಿಂತ್ಕೊಳ್ಳಿ, ನಾನು ಒಳಗಿಂದ ಹಾಕ್ಕೊತೀನಿ."

ನಗುತ್ತ ಎಲ್ಲರೂ ಜಗಲಿಗಿಳಿದರು. ಗೇಲ್ ಕರ್ಟಿಸನನ್ನು ಮುಂದೆ ತಳ್ಳಿದಳು, ಫೋಟೋದಲ್ಲಿ ಅವನೇ ಮುಂದಿರಬೇಕಲ್ಲ. ಬಾಗಿಲು ಮುಚ್ಚಿತು, ಬೀಗ ಬಿತ್ತು.

"ತಳ್ಳಿ ನೋಡಿ" ಎಂದಳು ಲಟ್ರೀಸ್ ಒಳಗಿನಿಂದ.

ಕರ್ಟಿಸ್ ಹೆಗಲು ಕೊಟ್ಟು ತಳ್ಳಿದ. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಹಿಂದೆ ನಿಂತವರು ಚಪ್ಪಾಳೆ ತಟ್ಟಿದರು. ಅಬ್ಬ, ಬದುಕಿದೆ, ಇವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡ.

"ಗಟ್ಟಿಯಾಗಿದೆ. ಈಗ ಬಾಗಿಲು ತಟ್ಟಿ, ಒಳಗೆ ಕೇಳುತ್ತಾ ನೋಡ್ತೀನಿ."

ನೆಂಟರ ಮನೆಯ ಬಾಗಿಲನ್ನು ತಟ್ಟುವ ಹಾಗೆ ಅವನು ಬೆರಳು ಮಡಚಿ ಮೆಲ್ಲಗೆ ತಟ್ಟಿದ.

"ಹಾಗಲ್ಲ" ಎಂದಳು ಲಟ್ರೀಸ್, ದನಿ ಏರಿಸದೆ. "ಅವತ್ತು ನದಿಯಾಚೆ ನನ್ನ ಮನೆ ಬಾಗಿಲು ತಟ್ಟಿದ್ರಲ್ಲ, ಹಾಗೆ ತಟ್ಟಿ."

ಗೇಲ್ ಫೋನನ್ನು ಕೆಳಗಿಳಿಸಿದಳು.

"ಯಾವತ್ತು, ಕರ್ಟಿಸ್?" ಎಂದು ಕೇಳಿದಳು.

ಅವನ ಕೈ ಬಾಗಿಲ ಮೇಲೆಯೇ ಇತ್ತು. ಒಳಗಿನಿಂದ ಬೀಗ ತೆಗೆಯುವ ಸದ್ದು ಬರಲಿಲ್ಲ.