ಪೈಗಳ ಮೊದಲ ಓದುಗರು

ಅಚ್ಚುತ ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಅಕ್ಕನ ಎದುರಿಗೆ ಸರಿಸಿದ. ಕಮಲಾವತಿ ಅದನ್ನು ಹಾಗೆಯೇ ಪಕ್ಕಕ್ಕೆ ದಾಟಿಸಿ, ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು.

“ಮೊದಲು ಓದ್ತೇನೆ,” ಅಂದಳು.

ಸುಳ್ಯದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ದಾರಿಯಲ್ಲಿ, ದಸ್ತಾವೇಜು ಬರೆಯುವ ಸರ್ವೋತ್ತಮ ಪೈಗಳ ಕೋಣೆ ಅದು. ನೋಂದಣಿಗೆ ಸಿಕ್ಕಿದ್ದ ಸಮಯ ಹನ್ನೊಂದೂವರೆ. ಆಗ ಹನ್ನೊಂದು ಹತ್ತು. ಅಕ್ಕತಂಗಿಯರಿಂದ ಹಕ್ಕು ಬಿಡಿಸಿಕೊಳ್ಳುವುದಕ್ಕೆ ಈ ಕಡೆ ಒಂದು ಕ್ರಮ ಉಂಟು: ಕಾರಿನಲ್ಲಿ ಕರೆತರುವುದು, ಒಂದು ಸೀರೆ, ಎಲ್ಲ ಮುಗಿದ ಮೇಲೆ ಹೋಟೆಲಿನಲ್ಲಿ ಮೀನೂಟ. ಅಚ್ಚುತ ಸೀರೆಯವರೆಗೆ ಬಂದಿದ್ದ. ಆಲೆಟ್ಟಿಯಲ್ಲಿ ತಂದೆ ಬಿಟ್ಟುಹೋದ ಮೂರು ಎಕರೆಯ ಪಹಣಿಯಲ್ಲಿ ಏನೋ ತಿದ್ದುಪಡಿ ಉಂಟೆಂದೂ, ಒಂದು ಹೆಬ್ಬೆಟ್ಟು ಒತ್ತಿದರೆ ಸಾಕೆಂದೂ ನೆಲ್ಯಾಡಿಯ ಅಕ್ಕನ ಮನೆಯಿಂದ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ.

“ಅವಳು ಶಾಲೆಗೆ ಹೋದವಳಲ್ಲ ಪೈಗಳೇ,” ಎಂದ, ಅಕ್ಕನ ಪರವಾಗಿ ಕ್ಷಮೆ ಕೇಳುವವನಂತೆ.

“ಹೋಗಿದ್ದೆ,” ಅಂದಳು ಕಮಲಾವತಿ, ಕಾಗದದಿಂದ ತಲೆಯೆತ್ತದೆ. “ಎರಡನೇ ಕ್ಲಾಸಿನಲ್ಲಿ ಇರುವಾಗ ನೀನು ಹುಟ್ಟಿದೆ. ನಿನ್ನನ್ನು ಎತ್ತಿಕೊಳ್ಳಲಿಕ್ಕೆ ಒಂದು ಜನ ಬೇಕಿತ್ತು.”

ರಬ್ಬರ್ ಹಾಲಿನ ಕರೆ ಕೂತ ತೋರುಬೆರಳನ್ನು ಮೊದಲ ಸಾಲಿನ ಕೆಳಗಿಟ್ಟು, ಅವಳು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಓದತೊಡಗಿದಳು. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತಿತ್ತು. ಪದ ಕೈಗೆ ಸಿಕ್ಕಿದ ಮೇಲೆ ಮುಂದೆ ಹೋಗುತ್ತಿತ್ತು. ಪೈಗಳು ಕಂಪ್ಯೂಟರಿನಿಂದ ಮುಖ ತಿರುಗಿಸಿ ಕೂತರು. ಮೂವತ್ತೊಂದು ವರ್ಷಗಳಿಂದ ಅವರು ದಸ್ತಾವೇಜು ಬರೆಯುತ್ತಿದ್ದರು. ಬಂದವರೆಲ್ಲ ನೇರ ಕೊನೆಯ ಪುಟ ತೆರೆದು “ಎಲ್ಲಿಗೆ ಸಹಿ?” ಎಂದು ಕೇಳುವವರೇ. ಮೊದಲ ಪುಟದಿಂದ ಓದಿದವರನ್ನು ಅವರು ನೋಡಿರಲಿಲ್ಲ. ತಾನು ಬರೆದದ್ದನ್ನು ಎದುರಿಗೇ ಕೂತು ಒಬ್ಬರು ಬೆರಳಿಟ್ಟು ಓದುವಾಗ ಯಾವ ಲೇಖಕನಿಗೂ ಆಗುವಂಥದ್ದು ಅವರಿಗೂ ಆಯಿತು. ಟೇಬಲ್ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದರು.

“ಈ ‘ನಿರುಪಾಧಿಕ’ ಅಂದ್ರೆ ಎಂತ ಪೈಗಳೇ?”

“ಯಾವ ಷರತ್ತೂ ಇಲ್ಲದೆ ಅಂತ.”

“ಷರತ್ತು ಉಂಟಾ ಅಂತ ನನ್ನ ಹತ್ರ ಯಾರೂ ಕೇಳಲೇ ಇಲ್ಲವಲ್ಲ.” ಪುಟ ತಿರುಗಿಸಿದಳು. “‘ನನ್ನ ಪಾಲಿಗೆ ಬರತಕ್ಕ ಒಂದೂವರೆ ಎಕರೆಯ ಮೇಲಿನ ಸರ್ವ ಹಕ್ಕನ್ನೂ ಸಂತೋಷದಿಂದ ನನ್ನ ತಮ್ಮನಿಗೆ ಬಿಟ್ಟುಕೊಟ್ಟಿರುತ್ತೇನೆ.’” ಬೆರಳು ಅಲ್ಲಿಯೇ ನಿಂತಿತು. “ಅಂದ್ರೆ ಒಂದೂವರೆ ಎಕರೆ ನನ್ನದು ಉಂಟು. ಇಷ್ಟು ವರ್ಷ ಯಾರೂ ಹೇಳಲಿಲ್ಲ. ನೀವು ಬರೆದದ್ದು ಒಳ್ಳೇದಾಯ್ತು.”

“ಅಕ್ಕ, ಹೊತ್ತಾಗ್ತದೆ,” ಎಂದ ಅಚ್ಚುತ.

“ಆಗ್ಲಿ. ಇಲ್ಲಿ ಕೊನೆಗೆ ‘ಓದಿಸಿ ಕೇಳಿ ಒಪ್ಪಿರುತ್ತೇನೆ’ ಅಂತ ಉಂಟು. ನನಗೆ ಓದಿ ಹೇಳಿದ್ದು ಯಾರು?”

“ಅದು ಹಾಗೆ ಬರೆಯುದು ಅಮ್ಮ, ಎಲ್ಲದರಲ್ಲಿಯೂ,” ಅಂದರು ಪೈಗಳು. ಹೇಳಿ ಮುಗಿಯುವಷ್ಟರಲ್ಲಿ ಅವರಿಗೇ ಆ ಉತ್ತರ ಅಷ್ಟಾಗಿ ಹಿಡಿಸಲಿಲ್ಲ.

ಕಮಲಾವತಿ ಕಾಗದಗಳನ್ನು ಸರಿಯಾಗಿ ಜೋಡಿಸಿ ಅವರ ಮುಂದಿಟ್ಟಳು. “ಇದಕ್ಕೆ ಹೆಬ್ಬೆಟ್ಟೂ ಇಲ್ಲ, ಸಹಿಯೂ ಇಲ್ಲ. ಪಾಲುಪತ್ರ ಬರೆಯಿರಿ.”

“ನಿನಗೆ ಜಾಗ ಎಂತಕ್ಕೆ ಅಕ್ಕ?” ಅಚ್ಚುತನ ಧ್ವನಿಯಲ್ಲಿ ಕಪಟವಿರಲಿಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ರಬ್ಬರ್ ಗಿಡ ಇಡ್ಲಿಕ್ಕೆ. ನಿನ್ನ ಭಾವ ತೀರಿಹೋದ ಮೇಲೆ ಇಪ್ಪತ್ತೆರಡು ವರ್ಷ ಊರವರ ಮರ ಕೆತ್ತಿ ಹಾಲು ತೆಗೆಯುವ ಟ್ಯಾಪಿಂಗ್ ಮಾಡಿದೆ. ಒಮ್ಮೆ ನನ್ನದೇ ಮರಕ್ಕೆ ಕತ್ತಿ ಹಾಕಿ ನೋಡುವ ಅಂತ.”

ಅಚ್ಚುತ ಪೈಗಳ ಮುಖ ನೋಡಿದ. ಪೈಗಳು ಗೋಡೆಯ ಗಡಿಯಾರ ನೋಡಿದರು. “ಅಕ್ಕ ಒಪ್ಪದೆ ಒಂದು ಸೆಂಟ್ಸು ಜಾಗವೂ ನಿಮ್ಮೊಬ್ಬರ ಹೆಸರಿಗೆ ಆಗುದಿಲ್ಲ ಮಾರಾಯ್ರೆ. ಸುಮ್ಮನೆ ಜಗಳ ಎಂತಕ್ಕೆ?” ಅಂದರು. ಅಚ್ಚುತ ಹೆಂಡತಿಗೆ ಫೋನ್ ಮಾಡಲು ಹೊರಗೆ ಹೋದ; ಒಳ್ಳೆಯ ಸುದ್ದಿಯಾಗಿದ್ದರೆ ಒಳಗಿಂದಲೇ ಮಾಡುತ್ತಿದ್ದ. ಹೊರಗೆ ಬಹಳ ಹೊತ್ತು ಅವನು ಬರೀ ಹೂಂಗುಟ್ಟುವುದೇ ಕೇಳಿಸಿತು. ಹನ್ನೊಂದೂವರೆ ಕಳೆದು ಕಾಲು ಗಂಟೆಯಾದ ಮೇಲೆ ಬಾಗಿಲಲ್ಲಿ ನಿಂತು, “ರಸ್ತೆ ಬದಿಯ ಅರ್ಧ ನನಗಿರಲಿ,” ಎಂದ.

“ಅದನ್ನು ಅಕ್ಕನ ಹತ್ರ ಕೇಳಿ,” ಅಂದರು ಪೈಗಳು.

“ಬರೆದು ಕೊಡಿ,” ಅಂದಳು ಕಮಲಾವತಿ. “ಓದಿ ಹೇಳ್ತೇನೆ.”

ಪೈಗಳು ಕಂಪ್ಯೂಟರಿನಲ್ಲಿ ಹೊಸ ಪುಟ ತೆರೆದರು. ಕೈ ಕೀಲಿಮಣೆಯ ಮೇಲಿತ್ತು, ಆದರೆ ಶುರುಮಾಡಲಿಲ್ಲ.

“ಕಲಿಸಿದ್ದು ಯಾರಮ್ಮ ನಿಮಗೆ?”

“ನುಸ್ರತ್ ಟೀಚರ್, ಪಂಚಾಯತು ಲೈಬ್ರರಿಯಲ್ಲಿ. ಮೂರು ವರ್ಷ ಆಯ್ತು. ಬೆಳಿಗ್ಗೆ ಟ್ಯಾಪಿಂಗ್, ಮಧ್ಯಾಹ್ನ ಅಕ್ಷರ. ಒಂದು ‘ಕ್ಷ’ ಬರೆಯುದಕ್ಕಿಂತ ನೂರು ಮರ ಮುಗಿಸುದು ಸುಲಭ.”

“ಕ್ಲಾಸಿಗೆ ನೀವೊಬ್ಬರೆಯಾ?”

“ಇಲ್ಲಪ್ಪ, ಹದಿನಾಲ್ಕು ಜನ ಹೆಂಗಸರು,” ಅಂದಳು ಕಮಲಾವತಿ. “ಎಲ್ಲರಿಗೂ ತಮ್ಮಂದಿರು ಇದ್ದಾರೆ.”